ನನ್ನ ದೇಹ ಬದಲಾಯಿತು, ಅಷ್ಟರಿಂದಲೇ ನಾನು ಇನ್ನೊಬ್ಬರಿಗೆ ಕೋಚ್ ಆಗಬಹುದೇ?

ಹೊಸಹೆಜ್ಜೆ
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳ ಹಿಂದೆ ನನ್ನ ತೂಕ 96 ಕಿಲೋ ಇತ್ತು. ಎರಡು ಮಹಡಿ ಹತ್ತಿದರೆ ಸಾಕು, ಮಾತನಾಡಲಾಗದಷ್ಟು ಏದುಸಿರು ಬರುತ್ತಿತ್ತು. ಮೊದಲ ಆರು ತಿಂಗಳು ನಡಿಗೆಯ ಹೊರತು ಬೇರೇನನ್ನೂ ಮಾಡಲಿಲ್ಲ. ಆಮೇಲೆ ಜಿಮ್ ಸೇರಿ, ಬಾರ್ಬೆಲ್ ಹಿಡಿಯುವುದನ್ನು ಕಲಿತು, ಮಲಗುವ ಹೊತ್ತನ್ನೂ ಊಟದ ಹೊತ್ತನ್ನೂ ಸರಿಪಡಿಸಿಕೊಂಡೆ. ಈಗ ತೂಕ 74 ಕಿಲೋ. ಅದಕ್ಕಿಂತ ದೊಡ್ಡ ಮಾತೆಂದರೆ, ನನ್ನ ತೂಕದ ಒಂದೂವರೆ ಪಟ್ಟು ಭಾರವನ್ನು ಹೆಗಲ ಮೇಲಿಟ್ಟುಕೊಂಡು ಬಸ್ಕಿ ಹೊಡೆಯುತ್ತೇನೆ ಮತ್ತು ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡುತ್ತೇನೆ.

ಈ ಬದಲಾವಣೆಯನ್ನು ಕಣ್ಣಾರೆ ಕಂಡ ಸಹೋದ್ಯೋಗಿಗಳಲ್ಲಿ ಆರು ಮಂದಿ ತಮಗೂ ಕಲಿಸಿಕೊಡಬೇಕೆಂದು ಕೇಳಿದರು. ಹಣ ತೆಗೆದುಕೊಳ್ಳದೆ ಮೂರು ತಿಂಗಳು ಕಲಿಸಿದೆ. ಇಬ್ಬರು ಚೆನ್ನಾಗಿ ಮುಂದುವರಿದರು, ಮೂವರು ಒಂದೊಂದು ಕಾರಣ ಹೇಳಿ ಬಿಟ್ಟರು. ಆರನೆಯವರಿಗೆ 49 ವರ್ಷ. ನಾನು ಮಾಡುತ್ತಿದ್ದ ಅದೇ ವಾರದ ಪಟ್ಟಿಯನ್ನು, ಭಾರವನ್ನು ಮಾತ್ರ ಕಡಿಮೆ ಮಾಡಿ, ಅವರಿಗೂ ಕೊಟ್ಟಿದ್ದೆ. ಮೂರನೆಯ ವಾರ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಎತ್ತಿ ನೇರವಾಗಿ ನಿಲ್ಲುವ ವ್ಯಾಯಾಮ) ಮಾಡುವಾಗ ಅವರ ಸೊಂಟ ಹಿಡಿದುಕೊಂಡಿತು. ಹಲವು ವರ್ಷಗಳ ಹಿಂದೆ ಅವರಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ತೊಂದರೆ ಇತ್ತೆಂಬುದು ನನಗೆ ತಿಳಿದದ್ದು ಆಮೇಲೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಕೋಚ್ ಆಗಬೇಕೆಂಬ ಆಸೆ ಎರಡು ವರ್ಷಗಳಿಂದ ನನ್ನೊಳಗೆ ಇದೆ. ಕೆಲಸ ಬಿಟ್ಟು ಪೂರ್ತಿಯಾಗಿ ಇದರಲ್ಲೇ ತೊಡಗಬೇಕೆಂದೂ ಯೋಚಿಸಿದ್ದೆ. ಈಗ ಧೈರ್ಯ ಸಾಲುತ್ತಿಲ್ಲ. ನನ್ನ ಅನುಭವವೇ ಅರ್ಹತೆಯೇ, ಅಥವಾ ಅದು ಬರೀ ನನ್ನ ಅನುಭವವೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಿ.

ನಿಧಾನಗತಿ
ಉಳಿದ ಮಾತು ಆಮೇಲೆ. ಆ ಸಹೋದ್ಯೋಗಿ ಈಗ ಹೇಗಿದ್ದಾರೆ?

ಹೊಸಹೆಜ್ಜೆ
ಹತ್ತು ದಿನಗಳಲ್ಲಿ ನೋವು ಬಹುಪಾಲು ಇಳಿಯಿತು, ಈಗ ಎಂದಿನಂತೆ ಓಡಾಡುತ್ತಿದ್ದಾರೆ. ಆದರೆ “ವ್ಯಾಯಾಮ ನನ್ನಂಥವರಿಗಲ್ಲ” ಎಂದು ಹೇಳಿ ಅದರ ಮಾತನ್ನೇ ಬಿಟ್ಟುಬಿಟ್ಟಿದ್ದಾರೆ. ಸೊಂಟದ ನೋವಿಗಿಂತ ಈ ಮಾತೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಹಳೇಕೋಚ್
ನಾನು 18 ವರ್ಷಗಳಿಂದ ತರಬೇತಿ ಕೊಡುತ್ತಿದ್ದೇನೆ, ಮತ್ತು ನಾನೂ ನಿಮ್ಮ ಬಾಗಿಲಿನಿಂದಲೇ ಒಳಗೆ ಬಂದವನು. ಮೈ ಕರಗಿಸಿದೆ, ಜನ ಕೇಳಿದರು, ಕಲಿಸಲು ಶುರುಮಾಡಿದೆ. ಮೊದಲ ಎರಡು ವರ್ಷ ನನ್ನ ಬಳಿ ಬಂದವರಿಗೆಲ್ಲ ನನ್ನದೇ ಪಟ್ಟಿಯನ್ನು ಹಂಚಿದೆ. ಆ ಪಟ್ಟಿಗೆ ಒಗ್ಗಿದವರು ಉಳಿದರು, ಒಗ್ಗದವರು ಸದ್ದಿಲ್ಲದೆ ಹೊರಟುಹೋದರು. ಉಳಿದವರನ್ನು ನೋಡಿ ನನ್ನ ವಿಧಾನ ಸರಿಯಾಗಿದೆ ಎಂದುಕೊಂಡೆ. ಹೋದವರ ಲೆಕ್ಕವನ್ನು ನಾನು ಇಟ್ಟಿರಲೇ ಇಲ್ಲ. ನಿಮ್ಮ ಆರು ಮಂದಿಯಲ್ಲಿ ಬಿಟ್ಟುಹೋದ ಮೂವರ ಬಗ್ಗೆ ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದೀರಿ. ನನಗೆ ಅವರ ಬಗ್ಗೆಯೂ ತಿಳಿಯಬೇಕೆನಿಸುತ್ತದೆ.

ಇನ್ನು ಕೇಳದೆ ಉಳಿದ ಪ್ರಶ್ನೆಯ ವಿಚಾರ. ವ್ಯಾಯಾಮ ಆರಂಭಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳ ಒಂದು ಪಟ್ಟಿಯನ್ನು ಕೆನಡಾದಲ್ಲಿ 1970ರ ದಶಕದಲ್ಲೇ ಸಿದ್ಧಪಡಿಸಿದರು. ಪಾರ್-ಕ್ಯು ಎಂದು ಅದರ ಹೆಸರು. ಬಹುಕಾಲ ಬಳಕೆಯಲ್ಲಿದ್ದ ಅದರ ರೂಪದಲ್ಲಿ ಇದ್ದದ್ದು ಏಳೇ ಪ್ರಶ್ನೆಗಳು. ಹೃದಯದ ತೊಂದರೆ ಇದೆಯೆಂದು ವೈದ್ಯರು ಹೇಳಿದ್ದಾರೆಯೇ, ಶ್ರಮಪಟ್ಟಾಗ ಎದೆ ನೋಯುತ್ತದೆಯೇ, ತಲೆ ಸುತ್ತಿ ಬಿದ್ದದ್ದುಂಟೇ, ಮೂಳೆ ಅಥವಾ ಕೀಲಿನ ತೊಂದರೆ ಇದೆಯೇ, ಹೀಗೆ. ಕೇಳಿ ಮುಗಿಸಲು ಐದು ನಿಮಿಷ ಸಾಕು. ನಿಮ್ಮನ್ನು ನೋಯಿಸಲೆಂದು ಇದನ್ನು ಬರೆಯುತ್ತಿಲ್ಲ. ನಾನೂ ಆ ಐದು ನಿಮಿಷಗಳನ್ನು ಎರಡು ವರ್ಷ ಕೊಟ್ಟಿರಲಿಲ್ಲ.

ಕಬ್ಬಿಣಪ್ರಿಯ
ನನ್ನ ಅಭಿಪ್ರಾಯ ಬೇರೆ. ಹುಟ್ಟಿನಿಂದಲೇ ಸಪೂರವಾಗಿದ್ದು, ಪುಸ್ತಕ ಓದಿ ಪ್ರಮಾಣಪತ್ರ ಪಡೆದವರ ಬಳಿ ನಾನು ಒಂದು ವರ್ಷ ತರಬೇತಿ ಪಡೆದೆ. ಕನ್ನಡಿಯ ಮುಂದೆ ನಿಲ್ಲಲು ನಾಚುವವನ ಮನಸ್ಸು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಆಮೇಲೆ ನನ್ನನ್ನು ಕೈಹಿಡಿದು ನಡೆಸಿದವರು ಸ್ವತಃ 40 ಕಿಲೋ ಇಳಿಸಿದ್ದವರು. ಅವರ ಬಳಿ ಯಾವ ಪತ್ರವೂ ಇರಲಿಲ್ಲ. ತಾನು ಪಟ್ಟ ಕಷ್ಟವೇ ಈ ಕೆಲಸಕ್ಕೆ ಮೊದಲ ಅರ್ಹತೆ. ಒಂದು ಅಚಾತುರ್ಯ ನಡೆಯಿತೆಂದು ಹೊಸಹೆಜ್ಜೆಯವರು ಹಿಂದೆ ಸರಿಯಬಾರದು.

ಅಂಕಿಅಂಶ
ಕಬ್ಬಿಣಪ್ರಿಯ ಅವರೇ, ನಿಮ್ಮ ಮಾತಿನ ಅರ್ಧವನ್ನು ಒಪ್ಪುತ್ತೇನೆ. ಕಷ್ಟಪಟ್ಟವರಿಗೆ ಇನ್ನೊಬ್ಬರ ಮನಸ್ಸು ತಿಳಿಯಬಹುದು. ಇನ್ನೊಬ್ಬರ ದೇಹ ಮಾತ್ರ ಅದರಿಂದ ತಿಳಿಯುವುದಿಲ್ಲ. ಇದನ್ನು ತೋರಿಸಿಕೊಟ್ಟ ದೊಡ್ಡ ಪ್ರಯೋಗವೊಂದಿದೆ: ಹೆರಿಟೇಜ್ ಕುಟುಂಬ ಅಧ್ಯಯನ. ವ್ಯಾಯಾಮದ ರೂಢಿಯಿಲ್ಲದ ಜನರಿಗೆ 20 ವಾರಗಳ ಕಾಲ, ವಾರಕ್ಕೆ ಮೂರು ಸಲ, ಎಲ್ಲರಿಗೂ ಒಂದೇ ಕ್ರಮದಲ್ಲಿ ಮೇಲ್ವಿಚಾರಣೆಯೊಳಗೆ ಸೈಕಲ್ ತುಳಿಸಿದರು. ಅದರಲ್ಲಿ 481 ಮಂದಿಯ ಫಲಿತಾಂಶಗಳು 1999ರಲ್ಲಿ ಪ್ರಕಟವಾದವು. ದೇಹವು ಒಂದು ನಿಮಿಷದಲ್ಲಿ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣವು ಸರಾಸರಿ 400 ಮಿಲಿಲೀಟರಿನಷ್ಟು ಏರಿತ್ತು. ಆದರೆ ಈ ಸರಾಸರಿಯ ಒಳಗೆ ಏನಿತ್ತು ಗೊತ್ತೇ? ಕೆಲವರಲ್ಲಿ ಏರಿಕೆಯೇ ಇಲ್ಲವೆನ್ನುವಷ್ಟು ಕಡಿಮೆ, ಇನ್ನು ಕೆಲವರಲ್ಲಿ ಸುಮಾರು ಒಂದು ಲೀಟರ್! ಒಂದೇ ಸೈಕಲ್, ಒಂದೇ ಕ್ರಮ, ಅಷ್ಟೇ ವಾರಗಳು. ಒಂದೇ ಕುಟುಂಬದವರಲ್ಲಿ ಫಲ ಹೆಚ್ಚುಕಡಿಮೆ ಒಂದೇ ತೆರನಾಗಿದ್ದುದರಿಂದ ಇದರಲ್ಲಿ ಹುಟ್ಟಿನ ಪಾಲು ಗಣನೀಯವಾಗಿದೆ ಎಂಬುದೂ ಕಂಡುಬಂತು.

ಆದ್ದರಿಂದ “ನಾನು ಮಾಡಿದೆ, ನೀವೂ ಮಾಡಬಹುದು” ಎಂಬ ಮಾತು ಎಷ್ಟು ಪ್ರೀತಿಯಿಂದ ಬಂದರೂ, ಫಲ ನಿಧಾನವಾಗಿ ಸಿಗುವ ವ್ಯಕ್ತಿಯ ಕಿವಿಗೆ ಅದು “ನೀವು ಸಾಕಷ್ಟು ಶ್ರಮಪಡುತ್ತಿಲ್ಲ” ಎಂದೇ ಕೇಳಿಸುತ್ತದೆ.

ಸಣ್ಣಮಾತು
ಈ ಕೊನೆಯ ಸಾಲನ್ನು ಓದಿ ನನ್ನ ಕಣ್ಣು ತುಂಬಿತು. ಮೂರು ವರ್ಷ ಇದೇ ಮಾತು ಕೇಳಿದ್ದೇನೆ.

ಕಬ್ಬಿಣಪ್ರಿಯ
ಅಂಕಿಅಂಶ ಅವರೇ, ನಿಮ್ಮ ಪ್ರಯೋಗಕ್ಕೆ ಎದುರಾಗಿ ನಾನೂ ಇತಿಹಾಸದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ವೈದ್ಯರು ಎಳೆಯ ವಯಸ್ಸಿನಲ್ಲಿ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದಿದ್ದರು. ಚೇತರಿಸಿಕೊಂಡ ಮೇಲೆ ಭಾರ ಎತ್ತಿ ಎತ್ತಿ ತಮ್ಮ ದೇಹವನ್ನು ತಾವೇ ಕಟ್ಟಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ವೈದ್ಯರಾಗಿದ್ದಾಗ, ಗಾಯಗೊಂಡ ಸೈನಿಕರ ಸೊರಗಿದ ಸ್ನಾಯುಗಳಿಗೂ ಭಾರ ಎತ್ತಿಸುವ ಚಿಕಿತ್ಸೆಯನ್ನೇ ಕೊಟ್ಟು, 1945ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ನಾವೆಲ್ಲ ಇಂದು ಹತ್ತು ಹತ್ತರ ಸೆಟ್ (ನಡುವೆ ನಿಲ್ಲಿಸದೆ ಹತ್ತು ಸಲ ಎತ್ತುವ ಸುತ್ತು) ಹೊಡೆಯುವುದರ ಹಿಂದೆ ಅವರ ಕೆಲಸವಿದೆ. ಸ್ವಂತ ಅನುಭವವೇ ಅಲ್ಲವೇ ಅಲ್ಲಿ ಬೀಜವಾದದ್ದು?

ಹಳೇಕೋಚ್
ಒಳ್ಳೆಯ ಉದಾಹರಣೆ. ಆದರೆ ನೀವು ಅರ್ಧಕ್ಕೆ ನಿಲ್ಲಿಸಿದ್ದೀರಿ. ನನಗೆ ಬೇಕಾದ ಪಾಠವಿರುವುದು ಉಳಿದರ್ಧದಲ್ಲಿ. ಡಿಲಾರ್ಮ್ ತಮಗೆ ಒಗ್ಗಿದ ಭಾರವನ್ನು ಸೈನಿಕರ ಮೇಲೆ ಹೇರಲಿಲ್ಲ. ಪ್ರತಿಯೊಬ್ಬನೂ ಹತ್ತು ಸಲ ಮಾತ್ರ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾಗದ ಭಾರ ಎಷ್ಟೆಂದು ಅಳೆದು, ಅದನ್ನೇ ಆ ವ್ಯಕ್ತಿಯ ಅಳತೆಗೋಲಾಗಿ ಮಾಡಿಕೊಂಡು, ಮತ್ತೆ ಮತ್ತೆ ಅಳೆಯುತ್ತ ಭಾರವನ್ನು ಏರಿಸಿದರು. ಮೊದಲು ಅವರು ಹೇಳಿದ್ದು ಏಳರಿಂದ ಹತ್ತು ಸೆಟ್‌ಗಳನ್ನು. 1948ರಲ್ಲಿ ವಾಟ್ಕಿನ್ಸ್ ಅವರೊಂದಿಗೆ ಬರೆಯುವಾಗ ಅಷ್ಟೊಂದು ಬೇಕಿಲ್ಲವೆಂದು ಕಂಡುಕೊಂಡು ಅದನ್ನು ಮೂರಕ್ಕೆ ಇಳಿಸಿದರು: ಆ ಅಳತೆಯ ಅರ್ಧ ಭಾರದಲ್ಲಿ ಒಂದು, ಮುಕ್ಕಾಲರಲ್ಲಿ ಒಂದು, ಪೂರ್ತಿಯಲ್ಲಿ ಒಂದು. ತನ್ನ ವಿಧಾನವನ್ನು ಮೂರೇ ವರ್ಷಗಳಲ್ಲಿ ತಾನೇ ತಿದ್ದಿಕೊಳ್ಳುವ ಮನಸ್ಸು ಎಲ್ಲಿಂದ ಬಂತು? ತನ್ನ ಕಥೆಯಿಂದಲ್ಲ, ಎದುರಿಗೆ ಕುಳಿತವನ ಕಾಲನ್ನು ಗಮನಿಸಿದ್ದರಿಂದ.

ಹೊಸಹೆಜ್ಜೆಯವರು “ಭಾರವನ್ನು ಮಾತ್ರ ಕಡಿಮೆ ಮಾಡಿ” ಎಂದು ಬರೆದಿದ್ದಾರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಎಷ್ಟು ಕಡಿಮೆ ಎಂಬುದನ್ನು ಅವರು ಯಾವುದರಿಂದ ತೀರ್ಮಾನಿಸಿದರು?

ಹೊಸಹೆಜ್ಜೆ
ಅಂದಾಜಿನಿಂದ. ನನ್ನ ಭಾರದ ಅರ್ಧ ಎಂದು ಇಟ್ಟುಕೊಂಡಿದ್ದೆ. ಬರೆಯಲು ಸಂಕೋಚವಾಗುತ್ತದೆ, ಆದರೆ ನಿಜ ಅದೇ.

ಮಧ್ಯವಯಸ್ಸು
ನಾನು ಕೋಚ್ ಅಲ್ಲ, ಕಲಿಯುವವಳು. 52 ವರ್ಷ. ಇಲ್ಲಿ ಮಾತನಾಡುತ್ತಿರುವವರೆಲ್ಲ ಕಲಿಸುವ ಕಡೆಯವರಾದ್ದರಿಂದ ಎದುರು ಬದಿಯಿಂದ ನಾಲ್ಕು ಮಾತು ಹೇಳುತ್ತೇನೆ.

ನನ್ನ ಮೊದಲ ತರಬೇತುದಾರರು ಒಳ್ಳೆಯ ಮನುಷ್ಯ. ಅವರೂ ತೂಕ ಇಳಿಸಿ ಈ ಕೆಲಸಕ್ಕೆ ಬಂದವರು. ಮೊದಲ ದಿನವೇ ತಮ್ಮ ಹಳೆಯ ಫೋಟೋ ತೋರಿಸಿದರು. ನನಗೆ ಹುರುಪು ಬಂದದ್ದು ನಿಜ. ಆದರೆ ಎರಡನೆಯ ವಾರ ಮೊಣಕಾಲು ನೋಯುತ್ತಿದೆ ಎಂದಾಗ “ನನಗೂ ನೋಯುತ್ತಿತ್ತು, ಬಿಡದೆ ಮಾಡಿದೆ, ಹೋಯಿತು” ಎಂದರು. ನಿದ್ದೆ ಬರುತ್ತಿಲ್ಲ ಎಂದಾಗ “ನನಗೂ ಹಾಗೇ ಇತ್ತು” ಎಂದರು. ನಾನು ಏನು ಹೇಳಿದರೂ ಅದು ಅವರ ಕಥೆಯ ಒಂದು ಅಧ್ಯಾಯವಾಗಿಬಿಡುತ್ತಿತ್ತು. ನನಗೆ ಮುಟ್ಟು ನಿಲ್ಲುವ ಕಾಲ. ಅದು ಅವರ ಕಥೆಯಲ್ಲಿ ಬರಲು ಸಾಧ್ಯವೇ ಇರಲಿಲ್ಲ. ನಾಲ್ಕು ತಿಂಗಳಿಗೆ ಬಿಟ್ಟೆ. ಕಾರಣ ಕೇಳಿದಾಗ ಬಿಡುವಿಲ್ಲ ಎಂದು ಸುಳ್ಳು ಹೇಳಿದೆ. ನಿಮ್ಮನ್ನು ಬಿಟ್ಟುಹೋದ ಆ ಮೂವರೂ ಹೀಗೆಯೇ ಏನನ್ನೋ ಹೇಳಿರಬಹುದು.

ಎರಡನೆಯ ತರಬೇತುದಾರ್ತಿ ಮೊದಲ ದಿನ ಒಂದು ಕುರ್ಚಿ ತಂದಿಟ್ಟು, ಕೈ ಊರದೆ ಎದ್ದು ಕುಳಿತುಕೊಳ್ಳಲು ಹೇಳಿದರು. ಎಂಟನೆಯ ಸಲ ನನ್ನ ಬಲಗಾಲು ಒಳಕ್ಕೆ ವಾಲಿತು. ಅವರು ಅಲ್ಲಿಗೇ ನಿಲ್ಲಿಸಿ, “ಇವತ್ತು ಏಳು ನಿಮ್ಮದು, ಅಲ್ಲಿಂದ ಶುರುಮಾಡೋಣ” ಎಂದು ಬರೆದುಕೊಂಡರು. ಅವರು ಮೊದಲು ದಪ್ಪಗಿದ್ದರೋ ಸಣ್ಣಗಿದ್ದರೋ ನನಗೆ ಈ ಹೊತ್ತಿಗೂ ತಿಳಿಯದು. ಎರಡು ವರ್ಷಗಳಾದವು, ನಾನು ಇನ್ನೂ ಅವರಲ್ಲೇ ಇದ್ದೇನೆ.

ದೂರಓಟ
ಮಧ್ಯವಯಸ್ಸು ಅವರ ಬರಹಕ್ಕೆ ಸೇರಿಸುತ್ತೇನೆ. ಸೂತ್ರ ಹಿಡಿದು ಕಲಿಸುವವರೂ ಇದೇ ತಪ್ಪು ಮಾಡುತ್ತಾರೆ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಹೃದಯಬಡಿತ ಸಿಗುತ್ತದೆ ಎಂದು ನನ್ನ ತಂದೆಗೆ ಒಬ್ಬರು ಹೇಳಿಕೊಟ್ಟಿದ್ದರು. 65 ವರ್ಷದ ಅವರಿಗೆ ಅದು 155 ಆಗುತ್ತದೆ. ಕೈಗಡಿಯಾರದಲ್ಲಿ 150 ಕಂಡಕೂಡಲೇ ಅವರು ಹೆದರಿ ನಿಲ್ಲುತ್ತಿದ್ದರು.

ಅಂಕಿಅಂಶ
ಆ ಸೂತ್ರ ತೀರ ಒರಟು ಅಂದಾಜು. 2001ರಲ್ಲಿ ತನಕಾ ಮತ್ತು ಸಂಗಡಿಗರು ಕೊಟ್ಟ ಸೂತ್ರದಲ್ಲಿ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. ಆಗ 65ಕ್ಕೆ ಸುಮಾರು 162 ಬರುತ್ತದೆ. ಅದೂ ಸರಾಸರಿಯೇ. ಒಂದೇ ವಯಸ್ಸಿನ ಇಬ್ಬರ ನಿಜವಾದ ಗರಿಷ್ಠ ಬಡಿತಗಳ ನಡುವೆ 20 ಬಡಿತಗಳ ಅಂತರವಿರುವುದು ಅಪರೂಪವೇನಲ್ಲ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಯಾವ ಸೂತ್ರವೂ ಹೊಂದುವುದಿಲ್ಲ, ಏಕೆಂದರೆ ಆ ಮಾತ್ರೆಯೇ ಬಡಿತವನ್ನು ತಗ್ಗಿಸುತ್ತದೆ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಅವರು ರೂಪಿಸಿದ 6ರಿಂದ 20ರ ಶ್ರಮದ ಮಾಪಕವನ್ನು ಬಳಸಿ. ಕಲಿಯುವವರೇ ತಮಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಒಂದು ಅಂಕಿಯಲ್ಲಿ ಹೇಳುತ್ತಾರೆ. ಅದಕ್ಕಿಂತಲೂ ಸರಳವಾದದ್ದು, ನಡೆಯುವಾಗ ಮಾತನಾಡಲು ಆಗುತ್ತಿದೆಯೇ ಎಂದು ನೋಡುವುದು.

ಕಬ್ಬಿಣಪ್ರಿಯ
ಅಂಕಿ ಕೇಳಿದರೆ ಸಾಲದು. ಹೊಸಬರು ಕೋಚ್ ಮುಂದೆ ಮರ್ಯಾದೆಗೆ ಅಂಜಿ ಕಡಿಮೆಯನ್ನೇ ಹೇಳುತ್ತಾರೆ. ಹತ್ತು ವರ್ಷ ನಾನೂ ಹಾಗೆಯೇ ಹೇಳಿದ್ದೇನೆ.

ನಿಧಾನಗತಿ
ಹೊಸಹೆಜ್ಜೆಯವರ ಪ್ರಶ್ನೆಗೆ ಮರಳೋಣ. ಸೊಂಟದ ಬಗ್ಗೆ ತಿಳಿದವರು ಯಾರಾದರೂ ಇದ್ದೀರಾ?

ಕೀಲುಮೂಳೆ
ನಾನು ಫಿಸಿಯೋಥೆರಪಿಸ್ಟ್. ಒಂದು ತಿದ್ದುಪಡಿ ಹೇಳಬೇಕಾಗಿದೆ. ಹಳೆಯ ಡಿಸ್ಕ್ ತೊಂದರೆಯೇ ಈ ನೋವಿಗೆ ಕಾರಣವೆಂದು ಹೊಸಹೆಜ್ಜೆಯವರು ತೀರ್ಮಾನಿಸಿದಂತಿದೆ. ಹಾಗೆ ಹೇಳಲು ಬರುವುದಿಲ್ಲ. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಒಂದು ಪರಾಮರ್ಶೆಯ ಪ್ರಕಾರ, 20ರ ವಯಸ್ಸಿನವರಲ್ಲಿ ನೂರಕ್ಕೆ 37 ಮಂದಿಯಲ್ಲಿ ಡಿಸ್ಕ್ ಸವೆತ ಕಾಣುತ್ತದೆ, 80ರವರಲ್ಲಿ ನೂರಕ್ಕೆ 96 ಮಂದಿಯಲ್ಲಿ. ಅವರಿಗೆಲ್ಲ ನೋವಿಲ್ಲ! ಆದ್ದರಿಂದ ಆ ಸಹೋದ್ಯೋಗಿಯ ಮುಂದೆ “ನಿಮ್ಮ ಡಿಸ್ಕ್ ಹಾಳಾಗಿದೆ, ಎಚ್ಚರ” ಎಂಬಂಥ ಮಾತನ್ನು ಆಡಬೇಡಿ. ದೇಹಕ್ಕೆ ರೂಢಿಯಿಲ್ಲದ ಭಾರ, ರೂಢಿಯಾಗುವ ಮೊದಲೇ ಏರಿದ್ದು, ಆ ವಾರದ ನಿದ್ದೆ, ದುಗುಡ, ಇವೆಲ್ಲ ಸೇರಿಯೂ ಸೊಂಟ ಹಿಡಿದಿರಬಹುದು. ಹತ್ತು ದಿನಗಳಲ್ಲಿ ಇಳಿದದ್ದು ಒಳ್ಳೆಯ ಲಕ್ಷಣ. ಇಂಥವರು ಹಾಸಿಗೆ ಹಿಡಿಯುವುದಕ್ಕಿಂತ, ತಾಳಿಕೊಳ್ಳುವಷ್ಟು ಓಡಾಡಿಕೊಂಡು ಮೆಲ್ಲಮೆಲ್ಲನೆ ವ್ಯಾಯಾಮಕ್ಕೆ ಮರಳುವುದೇ ಹಿತ.

ಆದರೆ ಕೋಚ್ ಆಗುವವರು ಎಲ್ಲಿ ಕೈ ತೆಗೆಯಬೇಕೆಂಬುದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ಬೆನ್ನುನೋವಿನ ಜೊತೆಗೆ ಕಾಲಿನ ಬಲ ಕುಂದುವುದು, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಿರುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಶ್ರಮದಿಂದ ಎದೆ ಬಿಗಿಯುವುದು ಮತ್ತು ಪ್ರಜ್ಞೆ ತಪ್ಪುವುದೂ ಹಾಗೆಯೇ. ಇನ್ನೊಂದನ್ನು ಜಿಮ್‌ಗಳಲ್ಲಿ ಬಹಳ ಜನ ಅಲಕ್ಷಿಸುತ್ತಾರೆ: ಹೊಸಬರನ್ನು ಮೊದಲ ದಿನವೇ ಮಿತಿಮೀರಿ ದುಡಿಸಿದ ಮೇಲೆ ಒಂದೆರಡು ದಿನಗಳಲ್ಲಿ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ, ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯ ತರುವ ರ್‍ಯಾಬ್ಡೊಮಯೊಲಿಸಿಸ್ ಆಗಿರಬಹುದು. ಅದನ್ನು ಮೈಕೈ ನೋವೆಂದು ಸಮಾಧಾನ ಹೇಳಿ ಕಳಿಸಬಾರದು.

ಸಂಜೆಪಾಳಿ
ಕೆಲಸ ಬಿಡುವ ವಿಚಾರವನ್ನು ಯಾರೂ ಮುಟ್ಟಲಿಲ್ಲ. ನಾನು ಬಿಟ್ಟವನು. ಕಲಿಯಲು ಬರುವವರಿಗೆ ಬಿಡುವಿರುವುದು ಅವರವರ ಕೆಲಸಕ್ಕೆ ಮೊದಲು ಅಥವಾ ಆಮೇಲೆ. ಹಾಗಾಗಿ ನನ್ನ ದಿನ ಬೆಳಗಿನ ಐದಕ್ಕೆ ಆರಂಭವಾಗಿ, ನಡುಹಗಲು ಖಾಲಿಯಾಗಿ, ರಾತ್ರಿ ಒಂಬತ್ತಕ್ಕೆ ಮುಗಿಯುತ್ತದೆ. ಮೊದಲ ವರ್ಷ ಆದಾಯಕ್ಕೆ ನೆಲೆಯಿರಲಿಲ್ಲ. ಇಬ್ಬರು ಒಟ್ಟಿಗೆ ಬಿಟ್ಟರೆ ತಿಂಗಳ ಲೆಕ್ಕವೇ ತಪ್ಪುತ್ತಿತ್ತು. ಆದರೆ ನನ್ನನ್ನು ಕಂಗೆಡಿಸಿದ್ದು ಹಣವಲ್ಲ. ವ್ಯಾಯಾಮ ನನಗೆ ಎಲ್ಲದರಿಂದ ಬಿಡುಗಡೆ ಕೊಡುತ್ತಿದ್ದ ಒಂದು ಗಂಟೆಯಾಗಿತ್ತು. ಅದೇ ಉದ್ಯೋಗವಾದ ಮೇಲೆ ಆ ಗಂಟೆ ಇಲ್ಲವಾಯಿತು. ಅದೇ ಕಬ್ಬಿಣ, ಅದೇ ಕನ್ನಡಿ, ಆದರೆ ಕಣ್ಣು ಯಾವಾಗಲೂ ಬೇರೆಯವರ ಮೇಲೆ. ಅದನ್ನು ಮರಳಿ ಪಡೆಯಲು ನಾನು ಈಗ ಈಜಲು ಹೋಗುತ್ತೇನೆ. ಅಲ್ಲಿ ನಾನು ಯಾರಿಗೂ ಕಲಿಸುವುದಿಲ್ಲ.

ನೌಕರಿಯಲ್ಲಿದ್ದುಕೊಂಡೇ ಇಬ್ಬರಿಗೆ ಒಂದು ವರ್ಷ ಕಲಿಸಿ ನೋಡಿ ಎಂಬುದು ನನ್ನ ಸಲಹೆ.

ಸಣ್ಣಮಾತು
ಇಬ್ಬರೂ ನಿಮ್ಮಂತಿಲ್ಲದವರಾಗಿರಲಿ ಎಂದು ಸೇರಿಸುತ್ತೇನೆ.

ಕಬ್ಬಿಣಪ್ರಿಯ
ಎಲ್ಲರ ಬರಹಗಳನ್ನೂ ಎರಡು ಸಲ ಓದಿದೆ, ಮಧ್ಯವಯಸ್ಸು ಅವರದನ್ನು ಮೂರು ಸಲ. ನಾನು ಪ್ರಮಾಣಪತ್ರವನ್ನು ಹಗುರವಾಗಿ ಕಂಡದ್ದು ತಪ್ಪು. ಕೀಲುಮೂಳೆಯವರು ಹೇಳಿದ ಲಕ್ಷಣಗಳಲ್ಲಿ ಎರಡು ನನಗೆ ತಿಳಿದೇ ಇರಲಿಲ್ಲ. ಆದರೂ ಒಂದು ಮಾತನ್ನು ಬಿಟ್ಟುಕೊಡಲಾರೆ. ಪಟ್ಟ ಕಷ್ಟ ನಿಷ್ಪ್ರಯೋಜಕವಲ್ಲ, ಅದನ್ನು ಬಳಸುವ ಜಾಗ ಬೇರೆ. ಗೆದ್ದ ಫೋಟೋವನ್ನು ತೋರಿಸುವ ಬದಲು, ನಾವು ಸೋತ ವಾರಗಳನ್ನು ಹೇಳಿಕೊಳ್ಳಬೇಕು. ಅಭ್ಯಾಸ ಕುದುರಲು 21 ದಿನ ಸಾಕೆಂದು ಎಲ್ಲೆಡೆ ಹೇಳುತ್ತಾರೆ. ಲಂಡನ್ನಿನಲ್ಲಿ ಸಂಶೋಧಕರು 96 ಮಂದಿಯನ್ನು ಗಮನಿಸಿ ಮಾಡಿದ ಅಧ್ಯಯನದಲ್ಲಿ ಅದು ಸರಾಸರಿ 66 ದಿನ ಹಿಡಿಯಿತು, ಮತ್ತು ಜನರಿಂದ ಜನರಿಗೆ 18ರಿಂದ 254 ದಿನಗಳವರೆಗೆ ಬೇರೆಯಾಯಿತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ಒಂದು ವಾರ ತಪ್ಪಿಸಿಕೊಂಡು ತಲೆ ತಗ್ಗಿಸಿ ಮರಳಿ ಬಂದವರನ್ನು ಏನೂ ಕೇಳದೆ ಒಳಗೆ ಕರೆಯುವುದು ಹೇಗೆಂದು, ತಾನೂ ಹಾಗೆ ತಪ್ಪಿಸಿಕೊಂಡವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮಧ್ಯವಯಸ್ಸು
ಇದನ್ನು ಒಪ್ಪುತ್ತೇನೆ, ಕಬ್ಬಿಣಪ್ರಿಯ ಅವರೇ. ಕೇಳಿದಾಗ ಹೇಳಿ, ಕೇಳದಿದ್ದಾಗ ಬೇಡ.

ಹೊಸಹೆಜ್ಜೆ
ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ.

ಸಹೋದ್ಯೋಗಿಯನ್ನು ಭೇಟಿಯಾದೆ. ವ್ಯಾಯಾಮದ ಮಾತು ಎತ್ತಲಿಲ್ಲ. ಅಂದು ಮೊದಲೇ ಕೇಳಬೇಕಾದದ್ದನ್ನು ಕೇಳದೆ ತಪ್ಪು ಮಾಡಿದೆ ಎಂದು ಹೇಳಿ, ಈಗ ಕೇಳಬಹುದೇ ಎಂದೆ. ಅವರು ಮುಕ್ಕಾಲು ಗಂಟೆ ಮಾತನಾಡಿದರು. ಡಿಸ್ಕ್ ವಿಚಾರವನ್ನು ಮೊದಲ ದಿನವೇ ಹೇಳಬೇಕೆಂದಿದ್ದರಂತೆ. ಅಷ್ಟರಲ್ಲಿ ನಾನು ಫೋನಿನಲ್ಲಿ ನನ್ನ ಹಳೆಯ ಫೋಟೋ ತೋರಿಸಿ, ಮನಸ್ಸಿದ್ದರೆ ಯಾವುದೂ ಅಡ್ಡಿಯಾಗುವುದಿಲ್ಲ ಎಂದೆನಂತೆ. ಆಮೇಲೆ ಹೇಳಿದರೆ ನೆಪವೆಂದುಕೊಂಡಾರು ಎಂದು ಸುಮ್ಮನಾದರಂತೆ. ನಾನು ಹಾಗೆ ಹೇಳಿದ್ದು ನನಗೆ ನೆನಪೇ ಇಲ್ಲ.

ಬಿಟ್ಟುಹೋದ ಮೂವರಲ್ಲಿ ಇಬ್ಬರನ್ನೂ ಮಾತನಾಡಿಸಿದೆ. ಒಬ್ಬರು ಬೆಳಗಿನ ಹೊತ್ತು ಮಗುವನ್ನು ನೋಡಿಕೊಳ್ಳಬೇಕಾಗಿತ್ತು. ನಾನು ಬೆಳಗಿನ ಹೊತ್ತೇ ಶ್ರೇಷ್ಠವೆಂದು ಹಟ ಹಿಡಿದಿದ್ದೆ, ಏಕೆಂದರೆ ಅದು ನನಗೆ ಒಗ್ಗಿತ್ತು.

ಒಂದು ವರ್ಷದ ತರಬೇತಿ ಕೋರ್ಸಿಗೆ ಸೇರಿದ್ದೇನೆ. ನೌಕರಿ ಬಿಟ್ಟಿಲ್ಲ. ಸಹೋದ್ಯೋಗಿ ವೈದ್ಯರನ್ನು ಕಂಡು, ಒಪ್ಪಿಗೆ ಪಡೆದು, ತಾವಾಗಿಯೇ ಕಳೆದ ಗುರುವಾರ ಬಂದರು. ಹತ್ತು ನಿಮಿಷ ನಡೆದೆವು. ಕುರ್ಚಿಯಿಂದ ಎದ್ದು ಕುಳಿತದ್ದು ಹನ್ನೊಂದು ಸಲ. ಹನ್ನೆರಡನೆಯದನ್ನು ನಾನೇ ಬೇಡವೆಂದೆ. ಮುಂದಿನ ಗುರುವಾರವೂ ಬರುತ್ತೇನೆಂದಿದ್ದಾರೆ. ಅವರಿಗಾಗಿ ಹೊಸದೊಂದು ನೋಟ್‌ಬುಕ್ ತೆಗೆದಿಟ್ಟಿದ್ದೇನೆ. ಹಳೇಕೋಚ್ ಅವರೇ, ಅದರಲ್ಲಿ ಏನೇನು ಬರೆದಿಡಬೇಕು?

ಹಳೇಕೋಚ್
ದಿನಾಂಕ. ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದರು. ಮಾಡಿದ್ದು ಏನು, ಎಷ್ಟು ಸಲ. ಶ್ರಮಕ್ಕೆ ಅವರು ಕೊಟ್ಟ ಅಂಕಿ, ಮತ್ತು ಕಬ್ಬಿಣಪ್ರಿಯರು ಎಚ್ಚರಿಸಿದಂತೆ, ಅವರ ಮುಖ ನೋಡಿ ನಿಮಗೆ ತೋಚಿದ ಅಂಕಿ. ಮರುದಿನ ಬೆಳಿಗ್ಗೆ ಸೊಂಟ ಹೇಗಿತ್ತೆಂದು ಫೋನ್ ಮಾಡಿ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಆರು ವಾರಗಳಾದ ಮೇಲೆ ಆ ಪುಟಗಳನ್ನು ಅವರಿಗೇ ಓದಲು ಕೊಡಿ.

ನಿಧಾನಗತಿ
ಮುಂದಿನ ಗುರುವಾರದ ನಂತರವೂ ಇಲ್ಲಿ ಬರೆಯಿರಿ. ಮೂರನೆಯವರನ್ನೂ ಒಮ್ಮೆ ಮಾತನಾಡಿಸಿ.